ಮಳೆ ಹಿಡಿಯುವ ಮುಂಚೆ ಪಾದ ನೋಡಿಕೊಳ್ಳಿ

ಸಕ್ಕರೆ ಖಾಯಿಲೆ ಇರುವವರಿಗಾಗಿ ಡಾಕ್ಟರಾಗಿ ನಾನು ಕೊಡಗಿನ ಗೋಣಿಕೊಪ್ಪದಲ್ಲಿ ಮೇ ತಿಂಗಳಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಕೊಯ್ಲು ಮುಗಿದಿದೆ, ಹೂಮಳೆ ಬಂದು ಹೋಗಿದೆ, ಮುಂಗಾರು ಇನ್ನೂ ಹಿಡಿದಿಲ್ಲ. ಕೊಡಗಿನವರಿಗೆ ಸ್ವಲ್ಪ ಉಸಿರಾಡಲು ಪುರಸೊತ್ತು ಸಿಗುವುದು ಈಗಲೇ. ಅದಕ್ಕೇ ಈ ಮಾತನ್ನು ಈಗಲೇ ಆಡಬೇಕು ಅಂತ ನನಗೆ ಆಸೆ ಇತ್ತು. ಜೂನ್ ಬಂದರೆ ನೀವೂ ಸಿಗುವುದಿಲ್ಲ, ರಸ್ತೆಯೂ ಸರಿ ಇರುವುದಿಲ್ಲ.

ಸಕ್ಕರೆ ಖಾಯಿಲೆ ಬರದ ಹಾಗೆ ತಡೆಯುವುದು ಹೇಗೆ ಅಂತ ಹೇಳಲು ನಾನು ಇವತ್ತು ಬಂದಿಲ್ಲ. ಈಗಾಗಲೇ ಬಂದವರ ವಿಷಯ ಮಾತಾಡುತ್ತೇನೆ. ಅವರೇನೂ ಕಡಿಮೆ ಜನ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸಿದ, 2023ರಲ್ಲಿ ಪ್ರಕಟವಾದ ಇಂಡಿಯಾಬ್ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಶುಗರ್ ಇದೆ. ವಯಸ್ಕರಲ್ಲಿ ನೂರಕ್ಕೆ 11 ಜನಕ್ಕಿಂತ ಸ್ವಲ್ಪ ಜಾಸ್ತಿ. ಈ ಸಭೆಯಲ್ಲೇ ಎಷ್ಟೋ ಮಂದಿ ಇದ್ದೀರಿ. ಹತ್ತು ಹದಿನೈದು ವರ್ಷ ಶುಗರ್ ಜೊತೆ ಬದುಕಿದ ದೇಹಕ್ಕೆ ಏನಾಗುತ್ತದೆ, ಅದನ್ನು ಯಾವಾಗ ಹಿಡಿಯಬಹುದು, ಇಷ್ಟೇ ನನ್ನ ವಿಷಯ.

1921ರಲ್ಲಿ ಟೊರೊಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಕಂಡುಹಿಡಿದರು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಅದರ ಮೊದಲ ಚುಚ್ಚುಮದ್ದು ಕೊಟ್ಟರು. ಅದಕ್ಕೂ ಮುಂಚೆ ಚಿಕ್ಕ ವಯಸ್ಸಿನಲ್ಲಿ ಶುಗರ್ ಬಂದ ಮಕ್ಕಳು ಹೆಚ್ಚು ದಿನ ಉಳಿಯುತ್ತಿರಲಿಲ್ಲ. ಇನ್ಸುಲಿನ್ ಬಂದ ಮೇಲೆ ಉಳಿದರು, ಬೆಳೆದರು, ಮದುವೆ ಆದರು. ಹಾಗೆ ಬದುಕಿದವರಲ್ಲಿ ಹದಿನೈದು ಇಪ್ಪತ್ತು ವರ್ಷದ ನಂತರ ಕಣ್ಣು ಮಂಜಾಗುವುದು, ಕಿಡ್ನಿ ಸೋಲುವುದು ಕಾಣತೊಡಗಿತು. 1936ರಲ್ಲಿ ಕಿಮ್ಮೆಲ್‌ಸ್ಟೀಲ್ ಮತ್ತು ವಿಲ್ಸನ್ ಎಂಬ ವೈದ್ಯರು ಇಂಥವರ ಕಿಡ್ನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಸೋಸುವ ಜಾಗದಲ್ಲೇ ಸಣ್ಣ ಸಣ್ಣ ಗಂಟುಗಳಿರುವುದನ್ನು ವಿವರಿಸಿದರು.

ಸಕ್ಕರೆ ಹತೋಟಿಯಲ್ಲಿಟ್ಟರೆ ಇದನ್ನು ತಪ್ಪಿಸಬಹುದಾ? ಈ ಪ್ರಶ್ನೆ ಇತ್ಯರ್ಥ ಆಗಲು ಇನ್ನೂ ಅರವತ್ತು ವರ್ಷ ಹಿಡಿಯಿತು. 1993ರಲ್ಲಿ ಅಮೆರಿಕ ಮತ್ತು ಕೆನಡಾದ ದೊಡ್ಡ ಅಧ್ಯಯನದ ಫಲಿತಾಂಶ ಬಂತು. ಅದರಲ್ಲಿ ಇನ್ಸುಲಿನ್ ಅವಲಂಬಿಸಿದ 1,441 ಜನ ಇದ್ದರು. ಸಕ್ಕರೆಯನ್ನು ಬಿಗಿಯಾಗಿ ಹಿಡಿದವರಲ್ಲಿ ಹೊಸದಾಗಿ ಕಣ್ಣಿನ ತೊಂದರೆ ಬರುವುದು 76 ಶೇಕಡಾ ಕಡಿಮೆ ಆಗಿತ್ತು. 1998ರಲ್ಲಿ ಬ್ರಿಟನ್‌ನಿಂದ ಇನ್ನೊಂದು ಬಂತು. ಅದು ನಮ್ಮಲ್ಲಿ ಜಾಸ್ತಿ ಕಾಣುವ, ದೊಡ್ಡವರಿಗೆ ಬರುವ ಶುಗರ್ ಬಗ್ಗೆ. ಅಲ್ಲೂ ಸಣ್ಣ ರಕ್ತನಾಳಗಳ ತೊಂದರೆ 25 ಶೇಕಡಾ ಇಳಿದಿತ್ತು. ಅಂದರೆ ಇದು ಹಣೆಬರಹ ಅಲ್ಲ. ಅಪ್ಪನ ಕಾಲು ತೆಗೆದರು, ನನ್ನದೂ ಹೋಗುತ್ತೆ ಬಿಡಿ ಅಂತ ಕೂತವರು ನನಗೆ ಸಿಗುತ್ತಾರೆ. ಅವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಆ ಬ್ರಿಟನ್ ಅಧ್ಯಯನದಲ್ಲಿ ಇನ್ನೊಂದು ಮಾತಿದೆ, ನನ್ನ ಮಟ್ಟಿಗೆ ಅದೇ ದೊಡ್ಡದು. ಅದರಲ್ಲಿದ್ದವರೆಲ್ಲ ಆಗಷ್ಟೇ ಶುಗರ್ ಪತ್ತೆಯಾದವರು. ಆದರೂ ಮೂವರಲ್ಲಿ ಒಬ್ಬರಿಗಿಂತ ಜಾಸ್ತಿ ಜನರ ಕಣ್ಣಿನ ಪರದೆಯಲ್ಲಿ ಮೊದಲ ದಿನವೇ ಬದಲಾವಣೆ ಕಂಡಿತ್ತು. ಖಾಯಿಲೆಗೆ ಹೆಸರಿಡುವ ಮುಂಚೆಯೇ ಅದು ಕೆಲಸ ಶುರು ಮಾಡಿತ್ತು. ಅವರಿಗೆ ನೋವಿತ್ತಾ? ಇಲ್ಲ. ಕಣ್ಣು ಮಂಜಾಗಿತ್ತಾ? ಬಹುಪಾಲು ಜನಕ್ಕೆ ಅದೂ ಇಲ್ಲ.

ಅರೇಬಿಕಾ ಬೆಳೆಯುವವರಿಗೆ ಬಿಳಿ ಕಾಂಡಕೊರಕದ ಬಗ್ಗೆ ನಾನು ಹೇಳಬೇಕಾಗಿಲ್ಲ. ಹುಳು ಒಳಗೆ ಕೊರೆಯುತ್ತಿರುವಾಗ ಎಲೆ ಹಸಿರಾಗೇ ಇರುತ್ತದೆ. ಎಲೆ ಹಳದಿಯಾಗಿ ಬಾಡುವ ಹೊತ್ತಿಗೆ ಆ ಗಿಡದ ಆಸೆ ಬಿಟ್ಟ ಹಾಗೇ. ಅದಕ್ಕೇ ಗಿಡ ಚೆನ್ನಾಗಿ ಕಾಣುವಾಗಲೇ ಸಾಲು ಹಿಡಿದು ಹೋಗಿ, ಕಾಂಡದ ಮೇಲೆ ಏಣು ಎದ್ದಿದೆಯಾ ಅಂತ ತಡವಿ ನೋಡುತ್ತೀರಿ. ನಿಮ್ಮ ದೇಹಕ್ಕೂ ವರ್ಷಕ್ಕೊಮ್ಮೆ ಅಂಥದ್ದೊಂದು ಹುಡುಕಾಟ ಬೇಕು. ನೋವು ಬಂದ ಮೇಲೆ ಡಾಕ್ಟರ ಹತ್ತಿರ ಹೋಗುವುದು ನಮ್ಮೆಲ್ಲರ ಅಭ್ಯಾಸ. ಹಲ್ಲಿಗೆ, ಸೊಂಟಕ್ಕೆ, ಹೊಟ್ಟೆಗೆ ಅದು ನಡೆಯುತ್ತದೆ. ಶುಗರ್ ಮಾಡುವ ಹಾನಿಗೆ ನಡೆಯುವುದಿಲ್ಲ. ಯಾಕೆಂದರೆ ನೋವನ್ನು ತಿಳಿಸುವ ನರವನ್ನೇ ಅದು ಕೆಡಿಸುತ್ತದೆ.

ಪಾದದಿಂದ ಶುರು ಮಾಡುತ್ತೇನೆ. ಕೊಡಗಿನಲ್ಲಿ ಮಳೆಗಾಲಕ್ಕೆ ಮುಂಚೆ ಮೊದಲು ಮಾತಾಡಬೇಕಾದ್ದು ಅದರ ಬಗ್ಗೆಯೇ.

ಸಕ್ಕರೆ ಬಹಳ ಕಾಲ ಜಾಸ್ತಿ ಇದ್ದರೆ ನರಗಳೂ, ನರಗಳಿಗೆ ರಕ್ತ ಕೊಡುವ ಸಣ್ಣ ನಾಳಗಳೂ ಹಾಳಾಗುತ್ತವೆ. ಅತಿ ಉದ್ದದ ನರ ಮೊದಲು ಸೋಲುತ್ತದೆ. ಅದಕ್ಕೇ ಕಾಲ್ಬೆರಳಲ್ಲಿ ಶುರು. ಕೆಲವರಿಗೆ ಉರಿ, ಜೋಮು, ರಾತ್ರಿ ಹೊದಿಕೆ ತಾಗಿದರೂ ಚುಚ್ಚಿದ ಹಾಗೆ ಆಗುತ್ತದೆ. ಅವರು ಬೇಗ ಬರುತ್ತಾರೆ. ಏನೂ ಆಗದೆ ಸುಮ್ನೆ ಸ್ಪರ್ಶ ಹೋಗುವವರೇ ಹೆಚ್ಚು ಅಪಾಯದಲ್ಲಿರುವವರು.

ಇದನ್ನು ನೋಡಲು ದೊಡ್ಡ ಯಂತ್ರ ಬೇಡ. ಒಂದು ಹಿಡಿಗೆ ಸಿಕ್ಕಿಸಿದ ನೈಲಾನ್ ಎಳೆ ಸಾಕು. 10 ಗ್ರಾಂ ಒತ್ತಡ ಬಿದ್ದರೆ ಅದು ಬಾಗುತ್ತದೆ. ಕಣ್ಣು ಮುಚ್ಚಿಸಿ, ಪಾದದ ಅಡಿ ಅಲ್ಲಲ್ಲಿ ಮುಟ್ಟಿಸಿ, ಗೊತ್ತಾದಾಗ ಹೇಳಿ ಅನ್ನುತ್ತೇವೆ. ಒಂದು ಸಲ ಕರಿಮೆಣಸು ಕೊಯ್ಯುವ ಕೆಲಸದವರೊಬ್ಬರು ಕಣ್ಣು ಮುಚ್ಚಿಕೊಂಡು ಕಾದರು, ಕಾದರು. ಆಮೇಲೆ "ಶುರು ಮಾಡಿ ಡಾಕ್ಟ್ರೇ" ಅಂದರು. ಅಷ್ಟು ಹೊತ್ತಿಗೆ ಎರಡೂ ಪಾದ ಮುಟ್ಟಿ ಮುಗಿದಿತ್ತು. ಅವರು ಬಂದಿದ್ದು ಜ್ವರಕ್ಕೆ. ಸಾಕ್ಸ್ ತೆಗೆಸಿದಾಗ ಹೆಬ್ಬೆರಳ ಬುಡದಲ್ಲಿ ಹುಣ್ಣು ಇತ್ತು. ಹೊರಗೆ ಬಿಟ್ಟಿದ್ದ ಗಂಬೂಟನ್ನು ತರಿಸಿ ಬಗ್ಗಿಸಿದೆವು. ಒಣಗಿದ ಒಂದು ಕಾಫಿ ಚೆರ್ರಿ ಉರುಳಿ ಬಿತ್ತು. ಅದರ ಮೇಲೇ ಅವರು ಗುಡ್ಡ ಹತ್ತಿ ಇಳಿದಿದ್ದರು. ಪುಣ್ಯಕ್ಕೆ ಬೆರಳು ಉಳಿಯಿತು.

ನೋವಿಲ್ಲದ ಪಾದಕ್ಕೆ ಏನಾಗುತ್ತದೆ ಅನ್ನುವುದನ್ನು ಜಗತ್ತಿಗೆ ಕಲಿಸಿದ ಜಾಗಗಳಲ್ಲಿ ನಮ್ಮ ಪಕ್ಕದ ವೆಲ್ಲೂರು ಒಂದು. ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಡಾ. ಪಾಲ್ ಬ್ರಾಂಡ್ ಕುಷ್ಠ ರೋಗಿಗಳ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಬೆರಳು ಕಳೆದುಹೋಗುವುದು ಮಾಂಸ ತಾನಾಗಿ ಕೊಳೆತು ಅಲ್ಲ, ಗೊತ್ತಾಗದ ಗಾಯ, ಸುಟ್ಟಿದ್ದು, ಉಜ್ಜಿದ್ದು ಸೇರಿ ಅಂತ ಅವರು ತೋರಿಸಿದರು. ಎಂಸಿಆರ್ (ಮೈಕ್ರೊಸೆಲ್ಯುಲರ್ ರಬ್ಬರ್) ಎಂಬ ಮೆತ್ತನೆಯ ರಬ್ಬರಿನ ಚಪ್ಪಲಿಗೆ ಅಲ್ಲಿ ಕೆಲಸ ನಡೆಯಿತು. ಇವತ್ತು ಶುಗರ್ ಇರುವವರಿಗೆ ಬರೆದುಕೊಡುವ ಎಂಸಿಆರ್ ಚಪ್ಪಲಿ ಅದೇ. ನೋಡಲು ಅಂದವಾಗಿಲ್ಲ ಅಂತ ಎಷ್ಟೋ ಜನ ಅದನ್ನು ಕಟ್ಟಿಡುತ್ತಾರೆ. ದಯವಿಟ್ಟು ಹಾಕಿಕೊಳ್ಳಿ. ಹಿಂದೆ ಪಟ್ಟಿ ಇರುವುದನ್ನೇ ತೆಗೆದುಕೊಳ್ಳಿ, ಸ್ಪರ್ಶ ಇಲ್ಲದ ಕಾಲಿಂದ ಚಪ್ಪಲಿ ಜಾರಿಹೋದರೂ ಗೊತ್ತಾಗುವುದಿಲ್ಲ.

ನಮ್ಮ ಮಳೆಗಾಲದಲ್ಲಿ ಇಂಥ ಪಾದಕ್ಕೆ ಬರುವ ಕಷ್ಟಗಳೇ ಬೇರೆ. ದಿನವಿಡೀ ಗಂಬೂಟಿನೊಳಗೆ ಬೆವರು, ನೀರು. ಬೆರಳ ಸಂದಿ ಬೆಳ್ಳಗಾಗಿ ಬಿರಿಯುತ್ತದೆ, ಬೂಷ್ಟು ಹಿಡಿಯುತ್ತದೆ, ಆ ಬಿರುಕಿನಲ್ಲಿ ಸೋಂಕು ಒಳಗೆ ಹೋಗುತ್ತದೆ. ಜಿಗಣೆ ಕಚ್ಚುವುದು ಯಾರಿಗೂ ಗೊತ್ತಾಗುವುದಿಲ್ಲ, ಅದು ಮಾಮೂಲಿ. ಆಮೇಲಿನ ತುರಿಕೆ, ಕೆರೆದು ಆದ ಗಾಯ, ಅದಕ್ಕೆ ಮೆತ್ತುವ ಸುಣ್ಣ, ಇವುಗಳಿಂದ ತೊಂದರೆ. ಸುಣ್ಣ ಚರ್ಮ ಸುಡುತ್ತದೆ, ಸುಟ್ಟಿದ್ದೂ ಗೊತ್ತಾಗುವುದಿಲ್ಲ. ಸೋಪು ನೀರಲ್ಲಿ ತೊಳೆದು, ಒತ್ತಿ ಹಿಡಿದು, ಒಣ ಬಟ್ಟೆ ಕಟ್ಟಿ ಸಾಕು.

ಇನ್ನೊಂದು, ಚಳಿ. ಜುಲೈಯಲ್ಲಿ ಸಂಜೆ ಮನೆಗೆ ಬಂದವರು ಕಾಲನ್ನು ಒಲೆಯ ಹತ್ತಿರ ಚಾಚುತ್ತಾರೆ. ರಾತ್ರಿ ಬಿಸಿನೀರಿನ ಚೀಲ ಪಾದದ ಅಡಿ ಇಟ್ಟು ಮಲಗುತ್ತಾರೆ. ಬೆಳಗ್ಗೆ ಏಳುವಾಗ ದೊಡ್ಡ ಬೊಬ್ಬೆ. ಇದನ್ನು ಪ್ರತಿ ಮಳೆಗಾಲ ನೋಡುತ್ತೇನೆ, ಪ್ರತಿ ಸಲ ಹೊಟ್ಟೆ ಉರಿಯುತ್ತದೆ. ಒಣಗಿದ ಉಣ್ಣೆ ಸಾಕ್ಸ್ ಹಾಕಿ ಮಲಗಿ. ಹಂಡೆಯ ಬಿಸಿನೀರನ್ನು ಕಾಲಿಂದ ನೋಡಬೇಡಿ, ಮೊಣಕೈ ಅದ್ದಿ ನೋಡಿ. ಬೂಟು ಹಾಕುವ ಮುಂಚೆ ಬಗ್ಗಿಸಿ ತಟ್ಟಿ, ಒಳಗೆ ಕೈ ಹಾಕಿ. ಕೆಲಸದಿಂದ ಬಂದು ಕಾಲು ತೊಳೆದ ಮೇಲೆ ಬೆರಳ ಸಂದಿ ಒರೆಸಿ. ಪಾದದ ಅಡಿ ಕಾಣಲು ನೆಲದ ಮೇಲೆ ಕನ್ನಡಿ ಇಡಿ, ಇಲ್ಲವಾದರೆ ಮೊಮ್ಮಕ್ಕಳನ್ನು ಕರೆಯಿರಿ. ಆಣಿಯನ್ನು ಬ್ಲೇಡಿನಲ್ಲಿ ಕೊಯ್ಯಬೇಡಿ. ಒಂದು ಪಾದ ಇನ್ನೊಂದಕ್ಕಿಂತ ಬಿಸಿಯಾಗಿ, ಕೆಂಪಾಗಿ ಊದಿದ್ದರೆ ಉಳುಕಿದೆ ಅಂತ ಎಣ್ಣೆ ತಿಕ್ಕಿಸಬೇಡಿ. ಒಳಗೆ ಮೂಳೆ ಕುಸಿಯುತ್ತಿರಬಹುದು. ಅವತ್ತೇ ತೋರಿಸಿ, ಅಲ್ಲಿಯವರೆಗೆ ಆ ಕಾಲಿಗೆ ಭಾರ ಹಾಕಬೇಡಿ.

ಕಣ್ಣಿಗೆ ಬರೋಣ. ಕಣ್ಣಿನ ಹಿಂದಿನ ಪರದೆಯಲ್ಲಿ ಕೂದಲಿಗಿಂತ ಸಣ್ಣ ರಕ್ತನಾಳಗಳಿವೆ. ಅವು ಉಬ್ಬುತ್ತವೆ, ಸೋರುತ್ತವೆ. ಕೊನೆಗೆ ದುರ್ಬಲವಾದ ಹೊಸ ನಾಳಗಳು ಬೆಳೆದು ಒಡೆಯುತ್ತವೆ. ಅಲ್ಲಿಯವರೆಗೆ ನೀವು ಪೇಪರ್ ಓದುತ್ತೀರಿ, ಜೀಪ್ ಓಡಿಸುತ್ತೀರಿ. ಹಾಗಾಗಿ "ನನ್ನ ಕಣ್ಣು ಚೆನ್ನಾಗಿದೆ" ಅನ್ನುವುದು ಪರೀಕ್ಷೆ ಅಲ್ಲ. ಕನ್ನಡಕದ ಅಂಗಡಿಯಲ್ಲಿ ಅಕ್ಷರ ಓದಿಸುವುದೂ ಈ ಪರೀಕ್ಷೆ ಅಲ್ಲ. ಹನಿ ಹಾಕಿ ಪಾಪೆ ಹಿಗ್ಗಿಸಿ ಪರದೆ ನೋಡಬೇಕು, ಅಥವಾ ಅದರ ಫೋಟೊ ತೆಗೆಯಬೇಕು. ವರ್ಷಕ್ಕೊಂದು ಸಲ. ಬೇಗ ಸಿಕ್ಕಿದರೆ ಲೇಸರ್ ಇದೆ, ಕಣ್ಣಿನೊಳಗೆ ಕೊಡುವ ಚುಚ್ಚುಮದ್ದು ಇದೆ. ಇವು ಇರುವ ದೃಷ್ಟಿಯನ್ನು ಕಾಯುತ್ತವೆ, ಹೋದ ದೃಷ್ಟಿ ಪೂರ್ತಿ ವಾಪಸ್ ಬರುವುದು ಕಷ್ಟ.

ನಮ್ಮವರು ಈ ಪರೀಕ್ಷೆ ತಪ್ಪಿಸಲು ಒಂದು ಸಣ್ಣ ಕಾರಣ ಇದೆ. ಹನಿ ಹಾಕಿದ ಮೇಲೆ ಕೆಲವು ಗಂಟೆ ಮಂಜು ಮಂಜು. ಒಬ್ಬರೇ ಗಾಡಿ ಓಡಿಸಿಕೊಂಡು ಬಂದವರು ನಾಪೋಕ್ಲಿಗೋ ಕುಟ್ಟಕ್ಕೋ ವಾಪಸ್ ಹೋಗುವುದು ಹೇಗೆ? ಅದಕ್ಕೇ "ಇನ್ನೊಮ್ಮೆ ಬರ್ತೀನಿ" ಅಂತ ಹೊರಟುಬಿಡುತ್ತಾರೆ. ಜೊತೆಗೊಬ್ಬರನ್ನು ಕರೆದುಕೊಂಡು ಬನ್ನಿ, ಇಲ್ಲವೇ ಬಸ್ಸಿನಲ್ಲಿ ಬನ್ನಿ. ಅಷ್ಟೇ.

ಕಿಡ್ನಿಯ ವಿಷಯದಲ್ಲಿ ನಮ್ಮಲ್ಲಿ ಒಂದು ತಪ್ಪು ನಂಬಿಕೆ ಗಟ್ಟಿಯಾಗಿ ಬೇರುಬಿಟ್ಟಿದೆ. "ಶುಗರ್ ಮಾತ್ರೆ ತಿಂದು ತಿಂದು ಕಿಡ್ನಿ ಹೋಯ್ತು." ಈ ಮಾತು ಕೇಳಿ ಮೆಟ್‌ಫಾರ್ಮಿನ್ ಬಿಟ್ಟವರು, ಬಿಟ್ಟು ಎರಡು ವರ್ಷಕ್ಕೆ ಕಾಲು ಊದಿಸಿಕೊಂಡು ಬಂದವರು ಇದ್ದಾರೆ. ಕಿಡ್ನಿ ಕೆಡಿಸುವುದು ಜಾಸ್ತಿಯಾದ ಸಕ್ಕರೆ ಮತ್ತು ಬಿಪಿ. ಕಿಡ್ನಿ ಆಗಲೇ ತೀರಾ ಸೋತಿದ್ದರೆ ಮೆಟ್‌ಫಾರ್ಮಿನ್ ನಿಲ್ಲಿಸುತ್ತೇವೆ, ನಿಜ. ಜನ ಅದನ್ನು ತಿರುಗಿಸಿ ಓದಿದ್ದಾರೆ. ನಿಜವಾಗಿ ಕಿಡ್ನಿಗೆ ಏಟು ಕೊಡುವ ಮಾತ್ರೆ ಬೇರೆಯೇ ಇದೆ. ಕೊಯ್ಲಿನ ಕಾಲದಲ್ಲಿ ಮೈಕೈ ನೋವಿಗೆ ಅಂಗಡಿಯಿಂದ ತಂದು ದಿನಾ ನುಂಗುತ್ತಾರಲ್ಲ, ಡೈಕ್ಲೊಫೆನಾಕ್, ಐಬುಪ್ರೊಫೆನ್, ಅವು. ಶುಗರ್ ಇರುವವರು ಕೇಳದೆ ಅವನ್ನು ತೆಗೆದುಕೊಳ್ಳಲೇಬಾರದು.

ಕಿಡ್ನಿಗೆ ಹಾನಿ ಶುರುವಾದಾಗ ಮೊದಲು ಆಲ್ಬುಮಿನ್ ಎಂಬ ಪ್ರೋಟೀನ್ ಮೂತ್ರದಲ್ಲಿ ಸೋರುತ್ತದೆ. ಮೂತ್ರದಲ್ಲಿ ಒಂದು ಗ್ರಾಂ ಕ್ರಿಯಾಟಿನಿನ್‌ಗೆ (ಕಿಡ್ನಿ ಹೊರಹಾಕುವ ಒಂದು ಕಸ) ಆಲ್ಬುಮಿನ್ 30 ಮಿಲಿಗ್ರಾಂ ಒಳಗಿದ್ದರೆ ಸರಿ, ಮೇಲಿದ್ದರೆ ಎಚ್ಚರ. ರಕ್ತದ ಕ್ರಿಯಾಟಿನಿನ್ ಎಷ್ಟೋ ಜನರಲ್ಲಿ ಕಿಡ್ನಿಯ ಅರ್ಧ ಶಕ್ತಿ ಹೋಗುವವರೆಗೂ ನಾರ್ಮಲ್ ಅಂತಲೇ ತೋರಿಸುತ್ತದೆ. ಹಾಗಾಗಿ ರಕ್ತದ ರಿಪೋರ್ಟ್ ಮಾತ್ರ ನೋಡಿ ಸಮಾಧಾನ ಆಗಬೇಡಿ. ಮೂತ್ರದ ಆಲ್ಬುಮಿನ್ ಕೇಳಿ ಮಾಡಿಸಿ. ಆ ಹಂತದಲ್ಲಿ ಸಿಕ್ಕಿದರೆ ಬಿಪಿಯ ಕೆಲವು ಔಷಧಿಗಳು, ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತರಹದ ಹೊಸ ಮಾತ್ರೆಗಳು ಸೋರಿಕೆ ತಗ್ಗಿಸಿ ಕಿಡ್ನಿಯನ್ನು ಎಷ್ಟೋ ವರ್ಷ ಕಾಯುತ್ತವೆ. ಪೇಟೆಂಟ್ ಮುಗಿದ ಮೇಲೆ ಅವುಗಳ ಬೆಲೆಯೂ ಇಳಿದಿದೆ. ತಡವಾದರೆ ಡಯಾಲಿಸಿಸ್. ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆ. 2018ರ ಆಗಸ್ಟ್ ನೆನಪಿದೆಯಲ್ವಾ? ಗುಡ್ಡ ಕುಸಿದು ಮಡಿಕೇರಿ ಮಂಗಳೂರು ರಸ್ತೆಯೇ ಮುಚ್ಚಿತ್ತು. ವಾರಕ್ಕೆ ಮೂರು ಸಲ ಈ ರಸ್ತೆಗಳಲ್ಲಿ ಹೋಗಿಬರಬೇಕಾದ ಮನೆಯವರ ಸಂಕಟ ಯೋಚಿಸಿ.

ಹೃದಯದ ಬಗ್ಗೆ ಕಡಿಮೆ ಹೇಳುತ್ತೇನೆ, ಆದರೆ ಶುಗರ್ ಇರುವವರ ಜೀವ ತೆಗೆಯುವುದರಲ್ಲಿ ಅದೇ ಮುಂದು. ನರ ಸೋತವರಿಗೆ ಹೃದಯಾಘಾತದಲ್ಲೂ ಎದೆನೋವು ಬರದೇ ಇರಬಹುದು. ಏರು ಹತ್ತುವಾಗ ಹೊಸದಾಗಿ ಉಬ್ಬಸ, ಕಾರಣ ಇಲ್ಲದೆ ಬೆವರು, ಗ್ಯಾಸ್ ತುಂಬಿದ ಹಾಗೆ ಅನ್ನಿಸುವುದು, ಇವನ್ನು ಸೋಡಾ ಕುಡಿದು ಕಳೆಯಬೇಡಿ. ಇಸಿಜಿ ಮಾಡಿಸಿ. ಬಿಪಿ ಇಳಿಸುವುದರಿಂದ ಆಗುವ ಲಾಭ ದೊಡ್ಡದು. ಅದೇ ಬ್ರಿಟನ್ ಅಧ್ಯಯನದಲ್ಲಿ ಬಿಪಿಯನ್ನು ಬಿಗಿಯಾಗಿ ಹಿಡಿದವರಿಗೆ ಪಾರ್ಶ್ವವಾಯು 44 ಶೇಕಡಾ ಕಡಿಮೆ ಆಯಿತು. ಬೀಡಿ ಸಿಗರೇಟು ಬಿಡಿ ಅಂತ ಬೇರೆ ಹೇಳಬೇಕಾ?

ಊಟದ ವಿಷಯ ಎತ್ತಿದರೆ ಸಭೆಯಲ್ಲಿ ಮುಖಗಳು ಸಪ್ಪಗಾಗುತ್ತವೆ. ಪಂದಿ ಕರಿ ಪೂರ್ತಿ ಬಿಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಸಕ್ಕರೆ ಏರಿಸುವುದು ಅದರ ಜೊತೆಗಿನ ಕಡಂಬುಟ್ಟು, ನೂಪುಟ್ಟು, ಅಕ್ಕಿ ಒಟ್ಟಿ. ನಮ್ಮ ತಿಂಡಿ, ಊಟ, ರಾತ್ರಿಯ ಅಡುಗೆ ಎಲ್ಲ ಅಕ್ಕಿಯೇ. ಕಡಂಬುಟ್ಟಿನ ಲೆಕ್ಕ ಅರ್ಧ ಮಾಡಿ. ಬಿದಿರು ಕಳಲೆ, ಅಣಬೆ, ಸೊಪ್ಪು ಜಾಸ್ತಿ ಹಾಕಿಕೊಳ್ಳಿ. ಮಾಂಸದ ಕೊಬ್ಬಿನ ತುಂಡು ಹೃದಯಕ್ಕೆ ಒಳ್ಳೆಯದಲ್ಲ, ತಟ್ಟೆಯ ಬದಿಗಿಡಿ. ಬೆಲ್ಲದ ಕಾಫಿಗೂ ಸಕ್ಕರೆ ಕಾಫಿಗೂ ನಿಮ್ಮ ರಕ್ತ ವ್ಯತ್ಯಾಸ ಮಾಡುವುದಿಲ್ಲ. ಕೊಡಗಿನ ಜೇನೂ ಹಾಗೆಯೇ. ಕಾಚಂಪುಳಿ, ಅಂದರೆ ನಮ್ಮ ಕಪ್ಪು ಹುಳಿರಸ, ಸಾರಿಗೆ ಹಾಕಿ, ರುಚಿಗೆ. ಅದನ್ನು ಶುಗರ್ ಔಷಧಿ ಅಂತ ಲೋಟದಲ್ಲಿ ಕುಡಿದು ಮಾತ್ರೆ ಬಿಡಬೇಡಿ.

ಕುಡಿಯುವ ಬಗ್ಗೆ ನೇರವಾಗಿ ಹೇಳುತ್ತೇನೆ, ಮದುವೆ ಮನೆಗಳಲ್ಲಿ ಅದು ನಮ್ಮ ಪದ್ಧತಿಯ ಭಾಗ. ಗ್ಲಿಮೆಪಿರೈಡ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಕುಡಿದರೆ ಸಕ್ಕರೆ ಅಪಾಯಕ್ಕೆ ಇಳಿಯಬಹುದು. ಲಿವರ್ ಆ ಹೊತ್ತಿನಲ್ಲಿ ಸಕ್ಕರೆ ಬಿಡುಗಡೆ ಮಾಡುವುದಿಲ್ಲ. ತೊದಲುತ್ತಾರೆ, ಬೆವರುತ್ತಾರೆ, ಬೀಳುತ್ತಾರೆ. ಕುಡಿದು ಹೆಚ್ಚಾಗಿದೆ ಅಂತ ಮಲಗಿಸಿಬಿಡುತ್ತಾರೆ. ಹಾಗೆ ಮಲಗಿದವರು ಏಳದೇ ಇರಬಹುದು. ಪ್ರಜ್ಞೆ ಇದ್ದರೆ ಸಕ್ಕರೆ ನೀರು ಕೊಡಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ.

ಎಚ್‌ಬಿಎ1ಸಿ ಎಂಬ ರಕ್ತ ಪರೀಕ್ಷೆ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುತ್ತದೆ, ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ ಆದ್ದರಿಂದ. ಬಹಳ ಜನರಿಗೆ ಅದು ಶೇಕಡಾ 7ರ ಒಳಗಿದ್ದರೆ ಒಳ್ಳೆಯದು. ಆದರೆ ನಮ್ಮ ಜಿಲ್ಲೆಯಲ್ಲಿ ಒಂದು ಮಾತು ಸೇರಿಸಬೇಕು. ರಕ್ತಹೀನತೆ ಇದ್ದರೆ, ಕುಡಗೋಲು ಕಣದ ತೊಂದರೆ (ಸಿಕಲ್ ಸೆಲ್, ಕೆಂಪು ರಕ್ತಕಣದ ಆಕಾರ ಕೆಡುವ ವಂಶಪಾರಂಪರ್ಯ ಖಾಯಿಲೆ) ಇದ್ದರೆ ಈ ಸಂಖ್ಯೆ ದಾರಿ ತಪ್ಪಿಸಬಹುದು. ನಮ್ಮ ಹಾಡಿಗಳ, ಅಂದರೆ ಆದಿವಾಸಿ ವಸತಿಗಳ, ಕೆಲವು ಕುಟುಂಬಗಳಲ್ಲಿ ಕುಡಗೋಲು ಕಣ ಇದೆ. ಅವರಿಗೆ ಊಟಕ್ಕೆ ಮುಂಚಿನ, ನಂತರದ ಸಕ್ಕರೆಯನ್ನೇ ನೋಡಿ ಔಷಧಿ ನಿರ್ಧರಿಸಬೇಕು. ಹಾಡಿಯವರ ಜೊತೆ ಬರುವ ಆಶಾ ಕಾರ್ಯಕರ್ತೆಯರು ದಯವಿಟ್ಟು ಇದನ್ನು ಡಾಕ್ಟರಿಗೆ ನೆನಪಿಸಿ.

ಇನ್ನು ಪ್ರಶ್ನೆಗಳು.

ಕಕ್ಕಡ ಹದಿನೆಂಟಕ್ಕೆ (ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ) ಮದ್ದು ಸೊಪ್ಪಿನ ಪಾಯಸ ಕುಡಿಯಬಹುದಾ ಅಂತ ಒಬ್ಬರು ಕೇಳಿದರು. ಒಂದು ಸಣ್ಣ ಬಟ್ಟಲು ಕುಡಿಯಿರಿ, ಬೆಲ್ಲ ಕಡಿಮೆ ಹಾಕಿಸಿ, ಆ ಹೊತ್ತಿನ ಅಕ್ಕಿ ಬಿಡಿ. ಆ ಸೊಪ್ಪಿನಿಂದ ಅವತ್ತು ಮೂತ್ರ ಕೆಂಪಾಗುವುದು ನಿಮಗೆ ಗೊತ್ತೇ ಇದೆ. ಆ ದಿನ ಮೂತ್ರ ಪರೀಕ್ಷೆಗೆ ಕೊಡಬೇಡಿ, ಬಣ್ಣ ನೋಡಿ ಫಲಿತಾಂಶ ಹೇಳುವ ಪಟ್ಟಿಗೆ ಕೆಂಪು ಮೂತ್ರ ಸರಿಬರುವುದಿಲ್ಲ. ಬೇರೆ ದಿನ ಕೆಂಪಾದರೆ ಮಾತ್ರ ಸೊಪ್ಪಿನ ಮೇಲೆ ಹಾಕದೆ ತೋರಿಸಿ.

ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟ್ ಇರುವುದಿಲ್ಲ, ಫ್ರಿಜ್‌ನಲ್ಲಿರುವ ಇನ್ಸುಲಿನ್ ಗತಿ ಏನು ಅಂತ ಇನ್ನೊಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಬಳಸುತ್ತಿರುವ ಬಾಟಲಿ 30 ಡಿಗ್ರಿ ಒಳಗಿನ ತಂಪಿನಲ್ಲಿ ಸುಮಾರು ನಾಲ್ಕು ವಾರ ಕೆಡುವುದಿಲ್ಲ. ಜುಲೈಯಲ್ಲಿ ನಮ್ಮ ಮನೆಯ ಕೋಣೆ ಅದಕ್ಕಿಂತ ತಂಪು. ಒಲೆಯಿಂದ ದೂರ ಇಡಿ. ಮಂಜುಗಡ್ಡೆಯ ಮೇಲೆ ನೇರವಾಗಿ ಇಡಬೇಡಿ, ಹೆಪ್ಪುಗಟ್ಟಿದ ಇನ್ಸುಲಿನ್ ಬಿಸಾಡಬೇಕಾಗುತ್ತದೆ. ಮೇ ಕೊನೆಯಲ್ಲೇ ಒಂದು ತಿಂಗಳ ಔಷಧಿ ಮನೆಯಲ್ಲಿ ಇಟ್ಟುಕೊಳ್ಳಿ.

80 ದಾಟಿದ ತಾಯಿಗೂ ಎಚ್‌ಬಿಎ1ಸಿ 7 ಬೇಕಾ ಅಂತ ಒಬ್ಬ ಮಗಳು ಕೇಳಿದರು. ಬೇಡ. ಅವರಿಗೆ 8ರ ಆಸುಪಾಸು ಸಾಕು. ಆ ವಯಸ್ಸಿನಲ್ಲಿ ಸಕ್ಕರೆ ಇಳಿದು ಬಚ್ಚಲಲ್ಲಿ ಬಿದ್ದು ಸೊಂಟ ಮುರಿಯುವುದು ದೊಡ್ಡ ಅಪಾಯ.

ಕೊನೆಗೆ ಒಬ್ಬ ತೋಟದ ಮಾಲೀಕರು ಕೇಳಿದ್ದು ನನಗೆ ಬಹಳ ಹಿಡಿಸಿತು. ತೋಟದ ಕೆಲಸದವರು ಇರುವ ಲೈನ್ ಮನೆಯಲ್ಲಿ ಶುಗರ್ ಇರುವವರಿದ್ದಾರೆ, ನಾನೇನು ಮಾಡಬಹುದು ಅಂದರು. ಗಂಬೂಟನ್ನು ಒಟ್ಟಿಗೆ ಒಂದೇ ಅಳತೆಯಲ್ಲಿ ತರಿಸಬೇಡಿ, ಒಬ್ಬೊಬ್ಬರ ಪಾದ ಅಳೆದು ತರಿಸಿ. ಸಾಕ್ಸ್ ಎರಡೆರಡು ಜೊತೆ ಕೊಡಿ, ಒಂದು ಒಣಗುವವರೆಗೆ ಇನ್ನೊಂದು ಇರಲಿ. ಲೈನ್ ಮನೆಯ ಬಾಗಿಲ ಪಕ್ಕ, ನೆಲಮಟ್ಟದಲ್ಲಿ ಒಂದು ಕನ್ನಡಿ ಹಾಕಿಸಿ. ಜೂನ್‌ಗೆ ಮುಂಚೆ ಒಂದು ದಿನ ಕೂಲಿ ಕಡಿಯದೆ ನಿಮ್ಮ ಪಿಕಪ್‌ನಲ್ಲೇ ಆಸ್ಪತ್ರೆಗೆ ಕರೆದುಕೊಂಡು ಬನ್ನಿ. ಕಣ್ಣು, ಮೂತ್ರ, ಬಿಪಿ, ಪಾದ ನಾಲ್ಕನ್ನೂ ಅವತ್ತೇ ನೋಡೋಣ. ಬರುವ ಮುಂಚೆ ತೋಟದ ರೈಟರ್ (ಲೆಕ್ಕ ಬರೆಯುವವರು) ಕೈಯಲ್ಲಿ ಒಂದು ಫೋನ್ ಮಾಡಿಸಿ, ಕಣ್ಣಿನ ಡಾಕ್ಟರ್ ಇರುವ ದಿನ ಹೇಳುತ್ತೇವೆ.